ಕನ್ನಡ ಬಲ್ಲವರಿಗೆ ಇಂಗ್ಲಿಷ್ ಕಷ್ಟವೇ?



ಮೊದಲು ನನ್ನದೇ ಒಂದು ಅನುಭವವನ್ನು ಹೇಳಿಬಿಡುತ್ತೇನೆ. ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿ.ಯು.ಸಿ.ಗೆಂದು ಪಟ್ಟಣದ ಕಾಲೇಜಿಗೆ ಸೇರಿದ ಮೊದಲ ವರ್ಷ ಅದು. ವಿದ್ಯಾರ್ಥಿವೇತನದ ಅರ್ಜಿಗಳನ್ನು ಹಂಚುವ ಕೆಲಸ ಹೊರ ರಾಜ್ಯದಿಂದ ಬಂದಿದ್ದ ಉಪನ್ಯಾಸಕರೊಬ್ಬರದು. ಅವರಿಗೆ ಕನ್ನಡ ಬಾರದು. ಒಂದು ದಿನ ತರಗತಿಯಲ್ಲಿ ಪಟ್ಟಿ ಹಿಡಿದು ನನ್ನ ಕಡೆ ನೋಡಿ, ‘ಯು ಹ್ಯಾವಂಟ್ ಅಪ್ಲೈಡ್ ಯೆಟ್, ಹ್ಯಾವ್ ಯು?’ ಎಂದು ಕೇಳಿದರು. ‘ನೀನಿನ್ನೂ ಅರ್ಜಿ ಹಾಕಿಲ್ಲ, ಅಲ್ಲವೇ?’ ಎಂಬುದು ಪ್ರಶ್ನೆ. ಅರ್ಥವಾಯಿತು. ನಾನು ಅರ್ಜಿ ಹಾಕಿರಲಿಲ್ಲ. ಆದ್ದರಿಂದ ಎದ್ದು ನಿಂತು, ಧೈರ್ಯ ಮಾಡಿ, ‘ಎಸ್ ಸಾರ್’ ಎಂದೆ.

ಅವರು ಪಟ್ಟಿಯಲ್ಲಿ ಏನೋ ಗುರುತು ಹಾಕಿಕೊಂಡು ಮುಂದಿನವನನ್ನು ಕೇಳಿದರು. ನನಗೆ ಅರ್ಜಿ ಕೊಡಲಿಲ್ಲ. ಆಮೇಲೆ ಕರೆದು ಕೊಡುತ್ತಾರೆಂದು ಕಾದೆ. ಕೊನೆಯ ದಿನಾಂಕ ಮುಗಿದ ಮೇಲೆ ವಿಚಾರಿಸಿದಾಗ ತಿಳಿಯಿತು, ನಾನು ಆಗಲೇ ಅರ್ಜಿ ಹಾಕಿದ್ದೇನೆಂದು ಅವರು ಬರೆದುಕೊಂಡಿದ್ದರು! ಆ ವರ್ಷದ ವಿದ್ಯಾರ್ಥಿವೇತನ ಹೋಯಿತು. ಅವರ ತಪ್ಪೇನೂ ಇರಲಿಲ್ಲ. ನನಗೆ ಪ್ರಶ್ನೆ ಅರ್ಥವಾಗಿತ್ತು, ‘ಎಸ್’ ಎಂಬ ಪದದ ಅರ್ಥವೂ ಗೊತ್ತಿತ್ತು. ಹಾಗಾದರೆ ತಪ್ಪಿದ್ದೆಲ್ಲಿ?

ಈ ಪ್ರಶ್ನೆಯೇ ಇಂದಿನ ನಮ್ಮ ಪಾಠದ ವಿಷಯ. ಇಂಗ್ಲಿಷಿನಲ್ಲಿ ನಾವು ಮಾಡುವ ತಪ್ಪುಗಳಲ್ಲಿ ಬಹುಪಾಲು ದಡ್ಡತನದಿಂದ ಆಗುವಂಥವಲ್ಲ. ನಮಗೆ ಚೆನ್ನಾಗಿ ಗೊತ್ತಿರುವ ಕನ್ನಡದ ವ್ಯಾಕರಣವೇ ನಮಗೆ ತಿಳಿಯದಂತೆ ಇಂಗ್ಲಿಷ್ ಮಾತಿನೊಳಗೆ ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ಇಂಗ್ಲಿಷ್ ಕಲಿಯಲು ಕನ್ನಡವನ್ನು ಮರೆಯಬೇಕಾಗಿಲ್ಲ. ಕನ್ನಡ ಎಲ್ಲೆಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಇನ್ನಷ್ಟು ಎಚ್ಚರದಿಂದ ಗಮನಿಸಬೇಕು, ಅಷ್ಟೆ.

‘ಹೌದು’ ಬೇರೆ, ‘ಎಸ್’ ಬೇರೆ

‘ನೀನಿನ್ನೂ ಅರ್ಜಿ ಹಾಕಿಲ್ಲ, ಅಲ್ಲವೇ?’ ಎಂದು ಕನ್ನಡದಲ್ಲಿ ಕೇಳಿದರೆ, ‘ಹೌದು, ಹಾಕಿಲ್ಲ’ ಎನ್ನುತ್ತೇವೆ. ನಮ್ಮ ‘ಹೌದು’ ಕೇಳಿದವರ ಮಾತಿಗೆ ಒಪ್ಪಿಗೆ: ‘ನೀವು ಹೇಳಿದ್ದು ಸರಿ’ ಎಂದರ್ಥ. ಇಂಗ್ಲಿಷಿನ ‘ಎಸ್’ ಹಾಗಲ್ಲ. ಅದು ನಡೆದ ಸಂಗತಿಯನ್ನು ನೋಡುತ್ತದೆ. ಕೆಲಸ ಆಗಿದ್ದರೆ ‘ಎಸ್, ಐ ಹ್ಯಾವ್’. ಆಗಿಲ್ಲದಿದ್ದರೆ ‘ನೋ, ಐ ಹ್ಯಾವಂಟ್’. ಪ್ರಶ್ನೆ ಹೇಗೆ ಕೇಳಿದ್ದರೂ ಉತ್ತರ ಒಂದೇ. ‘ಎಸ್’ ಬಂದರೆ ಅದರ ಹಿಂದೆ ‘ನಾಟ್’ ಬರುವಂತಿಲ್ಲ. ‘ನೋ’ ಬಂದರೆ ‘ನಾಟ್’ ಬರಲೇಬೇಕು. ನಾನು ‘ನೋ ಸಾರ್’ ಎನ್ನಬೇಕಾಗಿತ್ತು.

ಪ್ರಶ್ನೆಯ ಕೊನೆಯಲ್ಲಿ ಬರುವ ‘ಅಲ್ಲವೇ’ ಕೂಡ ಹೀಗೆಯೇ ತೊಡಕು. ಕನ್ನಡದಲ್ಲಿ ಯಾರ ವಿಷಯವಾಗಲಿ, ಯಾವ ಕಾಲವಾಗಲಿ, ‘ಅಲ್ಲವೇ’ ಒಂದೇ ಸಾಕು. ಅದಕ್ಕೇ ನಮ್ಮಲ್ಲಿ ಅನೇಕರು ಎಲ್ಲದಕ್ಕೂ ‘ಈಸಿಂಟ್ ಇಟ್’ ಎಂದು ಸೇರಿಸುತ್ತಾರೆ. ಪರೀಕ್ಷೆಯ ಇಂಗ್ಲಿಷಿನಲ್ಲಿ ಇದು ನಡೆಯದು. ಹಿಂದಿನ ವಾಕ್ಯದಲ್ಲಿ ಯಾವ ಸಹಾಯಕ ಕ್ರಿಯಾಪದ ಇದೆಯೋ ಅದೇ ತಿರುಗಿ ಬರಬೇಕು. ‘ಯು ವಿಲ್ ಕಮ್, ವೋಂಟ್ ಯು?’ ‘ಶಿ ಸಿಂಗ್ಸ್, ಡಸಂಟ್ ಶಿ?’ ‘ದೇ ಡಿಡಂಟ್ ಗೋ, ಡಿಡ್ ದೇ?’ ಮೊದಲ ಭಾಗದಲ್ಲಿ ‘ನಾಟ್’ ಇದ್ದರೆ ಬಾಲದಲ್ಲಿ ಇರುವುದಿಲ್ಲ. ಮೊದಲ ಭಾಗದಲ್ಲಿ ಇಲ್ಲದಿದ್ದರೆ ಬಾಲದಲ್ಲಿ ಇರುತ್ತದೆ.

ಪದಗಳ ಸಾಲು ತಪ್ಪಿದರೆ

‘ನಾಯಿ ಹುಡುಗನನ್ನು ಕಚ್ಚಿತು’ ಎಂದರೂ ‘ಹುಡುಗನನ್ನು ನಾಯಿ ಕಚ್ಚಿತು’ ಎಂದರೂ ಕನ್ನಡದಲ್ಲಿ ಕಚ್ಚಿಸಿಕೊಂಡವನು ಹುಡುಗನೇ. ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿ ಪ್ರತ್ಯಯ ಅವನ ಬೆನ್ನಿಗೆ ಅಂಟಿಕೊಂಡಿದೆ. ಅವನು ಎಲ್ಲಿ ಹೋಗಿ ಕೂತರೂ ಕರ್ಮವೇ. ಇಂಗ್ಲಿಷಿನಲ್ಲಿ ನಾಮಪದಗಳಿಗೆ ಇಂಥ ಪ್ರತ್ಯಯವಿಲ್ಲ. ಯಾರು ಕಚ್ಚಿದರು, ಯಾರನ್ನು ಕಚ್ಚಿದರು ಎಂಬುದನ್ನು ಪದದ ಸ್ಥಾನವೇ ತಿಳಿಸಬೇಕು. ‘ದಿ ಡಾಗ್ ಬಿಟ್ ದಿ ಬಾಯ್’ ಎಂಬುದನ್ನು ‘ದಿ ಬಾಯ್ ಬಿಟ್ ದಿ ಡಾಗ್’ ಎಂದು ತಿರುಗಿಸಿದರೆ ಹುಡುಗನೇ ನಾಯಿಯನ್ನು ಕಚ್ಚಿದಂತಾಯಿತು! ಆದ್ದರಿಂದ ವಾಕ್ಯ ಕಟ್ಟುವಾಗ ಮೊದಲು ಕರ್ತೃ, ಆಮೇಲೆ ಕ್ರಿಯಾಪದ, ಅನಂತರ ಕರ್ಮ ಎಂಬ ಸಾಲನ್ನು ಬಿಡಬೇಡಿ.

ಆರು ‘ನನಗೆ’ಗಳು

ಈ ಆರು ವಾಕ್ಯಗಳನ್ನು ನೋಡಿ: ನನಗೆ ಹಸಿವಾಗಿದೆ. ನನಗೆ ಜ್ವರ ಇದೆ. ನನಗೆ ಆ ವಿಷಯ ಗೊತ್ತು. ನನಗೆ ಮಾವಿನಹಣ್ಣು ಇಷ್ಟ. ನನಗೆ ಒಂದು ಪುಸ್ತಕ ಬೇಕು. ನನಗೆ ಈಜು ಬರುತ್ತದೆ.

ಆರರಲ್ಲೂ ‘ನನಗೆ’ ಎಂಬ ಚತುರ್ಥೀ ವಿಭಕ್ತಿಯೇ ಇದೆ. ಹಸಿವು, ಜ್ವರ, ತಿಳಿವಳಿಕೆ, ಇಷ್ಟ ಇವೆಲ್ಲ ನನ್ನ ಕಡೆಗೆ ಬರುವಂಥವು ಎಂದು ಕನ್ನಡ ಭಾವಿಸುತ್ತದೆ. ಇಂಗ್ಲಿಷ್ ಇವುಗಳಿಗೆಲ್ಲ ‘ಐ’ಯನ್ನೇ ಕರ್ತೃವಾಗಿ ಮಾಡುತ್ತದೆ: ‘ಐ ಆ್ಯಮ್ ಹಂಗ್ರಿ’, ‘ಐ ಹ್ಯಾವ್ ಎ ಫೀವರ್’, ‘ಐ ನೋ ದಟ್’, ‘ಐ ಲೈಕ್ ಮ್ಯಾಂಗೋಸ್’, ‘ಐ ವಾಂಟ್ ಎ ಬುಕ್’, ‘ಐ ಕ್ಯಾನ್ ಸ್ವಿಮ್’. ಕನ್ನಡದ ಒಂದು ಅಚ್ಚಿಗೆ ಇಂಗ್ಲಿಷಿನಲ್ಲಿ ಆರು ಬೇರೆ ಬೇರೆ ಕ್ರಿಯಾಪದಗಳು. ‘ನನಗೆ’ ಎಂದು ಮನಸ್ಸಿನಲ್ಲಿ ಮೂಡಿದ ಕೂಡಲೇ ‘ಟು ಮಿ’ ಎಂದು ತರ್ಜುಮೆ ಮಾಡಲು ಹೋಗದೆ, ‘ಐ’ ಎಂದು ಆರಂಭಿಸುವ ಅಭ್ಯಾಸ ಮಾಡಿಕೊಳ್ಳಿ.

ಇದರಿಂದಲೇ ಇನ್ನೊಂದು ತೊಡಕೂ ಬಿಡಿಸಿಕೊಳ್ಳುತ್ತದೆ. ‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’, ‘ಐ ಆ್ಯಮ್ ನೋಯಿಂಗ್ ಹಿಮ್’ ಎಂಬ ಪ್ರಯೋಗಗಳನ್ನು ನೀವು ಕೇಳಿರಬಹುದು. ಇವು ತಪ್ಪು ಎಂದು ಮೇಷ್ಟ್ರು ಹೇಳುತ್ತಾರೆ. ಆದರೆ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಎಂಬುದು ಸರಿ! ಇದು ಹೇಗೆ? ಉತ್ತರ ಕನ್ನಡದಲ್ಲಿಯೇ ಇದೆ. ‘ನನಗೆ ಇಬ್ಬರು ತಂಗಿಯರಿದ್ದಾರೆ’, ‘ನನಗೆ ಅವನು ಗೊತ್ತು’ ಎನ್ನುವಾಗ ನಾವು ‘ಉತ್ತಿದ್ದೇನೆ’ ಎಂದು ಹೇಳುವುದಿಲ್ಲ. ಊಟಕ್ಕೆ ಮಾತ್ರ ‘ಮಾಡುತ್ತಿದ್ದೇನೆ’ ಎನ್ನುತ್ತೇವೆ. ಗೊತ್ತು, ಬೇಕು, ಇಷ್ಟ, ಇದೆ ಎಂಬ ಪದಗಳಿಂದ ಮುಗಿಯುವ ಮಾತಿಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಇಂಗ್’ ಬೇಡ. ‘ಮಾಡುತ್ತಿದ್ದೇನೆ, ಓದುತ್ತಿದ್ದೇನೆ’ ಎಂದು ನಡೆಯುತ್ತಿರುವ ಕೆಲಸವಿದ್ದರೆ ‘ಇಂಗ್’ ಬೇಕು. ನಿಯಮವನ್ನು ಬಾಯಿಪಾಠ ಮಾಡುವ ಬದಲು ಒಮ್ಮೆ ಕನ್ನಡದಲ್ಲಿ ಹೇಳಿನೋಡಿದರೆ ಸಾಕು.

ಒಂದೂರಿನಲ್ಲಿ ಒಬ್ಬ ರಾಜ

‘ಎ’, ‘ಆ್ಯನ್’, ‘ದಿ’ ಎಂಬ ಮೂರು ಪುಟ್ಟ ಪದಗಳು ಕನ್ನಡದವರನ್ನು ಕಾಡಿದಷ್ಟು ಬೇರೆ ಯಾವುದೂ ಕಾಡಿಲ್ಲವೆನ್ನಬಹುದು. ಕನ್ನಡದಲ್ಲಿ ಇವುಗಳಿಗೆ ನೇರವಾದ ಸಮಾನ ಪದಗಳಿಲ್ಲ. ಆದರೂ ಅಜ್ಜಿ ಕಥೆ ಹೇಳುತ್ತಿದ್ದ ರೀತಿಯನ್ನು ನೆನಪಿಸಿಕೊಳ್ಳಿ: ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಮಕ್ಕಳು.’ ಕೇಳುವವರಿಗೆ ಇನ್ನೂ ಪರಿಚಯವಿಲ್ಲದ ರಾಜ ‘ಒಬ್ಬ ರಾಜ’. ಪರಿಚಯವಾದ ಮೇಲೆ ‘ಆ ರಾಜ’. ಇಂಗ್ಲಿಷಿನಲ್ಲೂ ಮೊದಲ ಸಲ ‘ಎ ಕಿಂಗ್’, ಎರಡನೆಯ ಸಲ ‘ದಿ ಕಿಂಗ್’. ಅಜ್ಜಿ ನಮಗೆ ಅರಿವಿಲ್ಲದೆಯೇ ಇಂಗ್ಲಿಷ್ ವ್ಯಾಕರಣದ ಮೊದಲ ಪಾಠ ಹೇಳಿಕೊಟ್ಟಿದ್ದಾರೆ.

ಎಲ್ಲ ಕಡೆ ಈ ಉಪಾಯ ಸಾಲದು. ‘ಅವಳು ವೈದ್ಯೆ’ ಎಂಬಲ್ಲಿ ಕನ್ನಡಕ್ಕೆ ‘ಒಬ್ಬ’ ಬೇಡ, ‘ಆಗಿದ್ದಾಳೆ’ ಎಂಬುದೂ ಬೇಡ. ಇಂಗ್ಲಿಷಿಗೆ ಎರಡೂ ಬೇಕು: ‘ಶಿ ಈಸ್ ಎ ಡಾಕ್ಟರ್’. ಸೂರ್ಯ ಒಬ್ಬನೇ ಆದ್ದರಿಂದ ನಾವು ‘ಆ ಸೂರ್ಯ’ ಎನ್ನುವುದಿಲ್ಲ; ಇಂಗ್ಲಿಷಿನವರು ಒಬ್ಬನೇ ಎಂಬ ಕಾರಣಕ್ಕಾಗಿಯೇ ‘ದಿ ಸನ್’ ಎನ್ನುತ್ತಾರೆ.

ಇನ್ನು ‘ಎ’ ಎಲ್ಲಿ, ‘ಆ್ಯನ್’ ಎಲ್ಲಿ? ಇಂಗ್ಲಿಷ್ ಅಕ್ಷರವನ್ನು ನೋಡಿದರೆ ಮೋಸ ಹೋಗುತ್ತೀರಿ. ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುನೋಡಿ. ‘ಅವರ್’ ಎಂಬುದು ಸ್ವರದಿಂದ ಆರಂಭವಾಗುತ್ತದೆ. ಆದ್ದರಿಂದ ‘ಆ್ಯನ್ ಅವರ್’. ‘ಯೂನಿವರ್ಸಿಟಿ’ ವ್ಯಂಜನದಿಂದ ಆರಂಭ, ‘ಎ ಯೂನಿವರ್ಸಿಟಿ’. ‘ಎಮ್ಮೆಲ್ಲೆ’ಯ ಮೊದಲ ಅಕ್ಷರ ಸ್ವರ; ‘ಆ್ಯನ್ ಎಮ್ಮೆಲ್ಲೆ’. ನಮ್ಮ ಲಿಪಿ ಉಚ್ಚಾರಣೆಯನ್ನೇ ಬರೆಯುವುದರಿಂದ ಇಲ್ಲಿ ನಮಗೆ ಒಂದು ಅನುಕೂಲವೇ ಇದೆ.

ಒಂದು ‘ಇಂದ’, ಎರಡು ದಾರಿ

‘2023ರಿಂದ ಇಲ್ಲಿ ಓದುತ್ತಿದ್ದೇನೆ’, ‘ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ’ ಎಂಬ ಎರಡು ವಾಕ್ಯಗಳಲ್ಲೂ ನಮಗೆ ‘ಇಂದ’ ಒಂದೇ ಸಾಕು. ಇಂಗ್ಲಿಷ್ ಬೇರೆ ಬೇರೆ ಪದ ಕೇಳುತ್ತದೆ. ‘ಯಾವಾಗಿನಿಂದ?’ ಎಂಬ ಪ್ರಶ್ನೆಗೆ ಉತ್ತರವಾದರೆ ‘ಸಿನ್ಸ್’; ‘ಎಷ್ಟು ಕಾಲದಿಂದ?’ ಎಂಬುದಕ್ಕೆ ಉತ್ತರವಾದರೆ ‘ಫಾರ್’. ಕ್ರಿಯಾಪದವನ್ನೂ ಗಮನಿಸಿ. ಕನ್ನಡದಲ್ಲಿ ‘ಓದುತ್ತಿದ್ದೇನೆ’ ಎಂಬ ವರ್ತಮಾನವೇ ಸಾಕಾದರೂ, ಇಂಗ್ಲಿಷಿನಲ್ಲಿ ಹಿಂದೆ ಆರಂಭವಾಗಿ ಇಂದಿಗೂ ನಡೆದಿರುವ ಕೆಲಸಕ್ಕೆ ‘ಹ್ಯಾವ್ ಬೀನ್’ ಬೇಕು: ‘ಐ ಹ್ಯಾವ್ ಬೀನ್ ಸ್ಟಡೀಯಿಂಗ್ ಹಿಯರ್ ಫಾರ್ ಟೂ ಇಯರ್ಸ್’.

ಗೌರವದ ಬಹುವಚನವೂ ಹೀಗೆಯೇ. ‘ನಮ್ಮ ತಂದೆಯವರು ಬಂದಿದ್ದಾರೆ’ ಎಂಬುದನ್ನು ‘ಅವರ್ ಫಾದರ್ ಹ್ಯಾವ್ ಕಮ್’ ಎಂದು ಬರೆಯುವ ವಿದ್ಯಾರ್ಥಿ ಅವಿಧೇಯನಲ್ಲ, ಅತಿ ವಿಧೇಯ! ತಂದೆಯನ್ನು ಏಕವಚನದಲ್ಲಿ ಕರೆಯಲು ಅವನಿಗೆ ಮನಸ್ಸು ಬಾರದು. ಆದರೆ ಇಂಗ್ಲಿಷಿನ ‘ಹಿ’ಯಲ್ಲಿ ಗೌರವವೂ ಇಲ್ಲ, ಅಗೌರವವೂ ಇಲ್ಲ. ‘ಮೈ ಫಾದರ್ ಹ್ಯಾಸ್ ಕಮ್’ ಎಂದರೆ ಸಾಕು. ‘ನಮ್ಮ’ ಎಂಬುದು ಇಲ್ಲಿ ‘ಮೈ’ ಆಗಿರುವುದನ್ನೂ ಗಮನಿಸಿ.

ಕೈಕೊಟ್ಟ ಗೆಳೆಯ

ವ್ಯಾಕರಣದಿಂದ ಈಗ ನುಡಿಗಟ್ಟುಗಳಿಗೆ ಬರೋಣ. ‘ಅವನು ನನಗೆ ಕೈಕೊಟ್ಟ’ ಎಂದರೆ ಕನ್ನಡದಲ್ಲಿ ನಂಬಿಸಿ ಮೋಸ ಮಾಡಿದ, ಬೇಕಾದಾಗ ಬಾರದೆ ಹೋದ ಎಂದರ್ಥ. ‘ಹಿ ಗೇವ್ ಮಿ ಎ ಹ್ಯಾಂಡ್’ ಎಂದರೆ ಇಂಗ್ಲಿಷಿನಲ್ಲಿ ಸಹಾಯ ಮಾಡಿದ ಎಂದರ್ಥ. ಪದಗಳು ಅವೇ, ಅರ್ಥ ತಿರುಗುಮುರುಗು! ಬಿಡಿ ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ನುಡಿಗಟ್ಟಿನ ಅರ್ಥ ಸಿಗುವುದಿಲ್ಲ. ಇಡೀ ಕಟ್ಟಿಗೇ ಒಂದು ಅರ್ಥ. ಇದು ಇಂಗ್ಲಿಷಿನ ವಿಚಿತ್ರವೇನಲ್ಲ. ‘ತಲೆ ತಿನ್ನಬೇಡ’ ಎಂದಾಗ ಯಾರೂ ತಲೆ ಮುಟ್ಟಿ ನೋಡಿಕೊಳ್ಳುವುದಿಲ್ಲ. ಆದರೆ ಅದನ್ನೇ ‘ಡೋಂಟ್ ಈಟ್ ಮೈ ಹೆಡ್’ ಎಂದರೆ, ನಮ್ಮ ದೇಶದಾಚೆಯ ಇಂಗ್ಲಿಷಿನವನು ಗಾಬರಿಯಾದಾನು!

ಕಲಿಯುವ ಅನುಕೂಲಕ್ಕಾಗಿ ನುಡಿಗಟ್ಟುಗಳನ್ನು ಮೂರು ಗುಂಪು ಮಾಡಿಕೊಳ್ಳಬಹುದು.

ಮೊದಲನೆಯದು, ಚಿತ್ರವೂ ಒಂದೇ ಅರ್ಥವೂ ಒಂದೇ ಆಗಿರುವುದು. ‘ಕ್ರೊಕೊಡೈಲ್ ಟಿಯರ್ಸ್’ ನಮ್ಮ ಮೊಸಳೆ ಕಣ್ಣೀರೇ. ‘ಸೋರ್ ಗ್ರೇಪ್ಸ್’ ನಮ್ಮ ಕೈಗೆಟುಕದ ಹುಳಿ ದ್ರಾಕ್ಷಿಯೇ. ಈಸೋಪನ ನರಿ ಎರಡೂ ಭಾಷೆಗಳಿಗೆ ಬಂದಿದೆ. ಇವನ್ನು ಕಲಿಯಲು ಶ್ರಮವೇ ಬೇಡ.

ಎರಡನೆಯದು, ಅರ್ಥ ಒಂದೇ ಆದರೂ ಚಿತ್ರ ಬೇರೆ. ಬಹಳ ಅಪರೂಪಕ್ಕೆ ನಡೆಯುವುದನ್ನು ನಾವು ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಎಂದರೆ ಅವರು ‘ವನ್ಸ್ ಇನ್ ಎ ಬ್ಲೂ ಮೂನ್’ ಎನ್ನುತ್ತಾರೆ. ಎಷ್ಟು ಕೊಟ್ಟರೂ ಸಾಲದ ಕಡೆ ನಮ್ಮದು ‘ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’, ಅವರದು ‘ಎ ಡ್ರಾಪ್ ಇನ್ ದಿ ಓಷನ್’. ‘ಕ್ಯಾರೀಯಿಂಗ್ ಕೋಲ್ಸ್ ಟು ನ್ಯೂಕ್ಯಾಸಲ್’ ಎಂಬ ಮಾತು ಇದೆ. ನ್ಯೂಕ್ಯಾಸಲ್ ಇಂಗ್ಲೆಂಡಿನ ಈಶಾನ್ಯದಲ್ಲಿ ಟೈನ್ ನದಿಯ ದಂಡೆಯ ಮೇಲಿರುವ ಊರು. ಶತಮಾನಗಳ ಕಾಲ ಕಲ್ಲಿದ್ದಲು ಅಲ್ಲಿಂದಲೇ ಹಡಗುಗಳಲ್ಲಿ ಬೇರೆಡೆಗೆ ಹೋಗುತ್ತಿತ್ತು. ಅಲ್ಲಿಗೇ ಕಲ್ಲಿದ್ದಲು ಹೊತ್ತುಕೊಂಡು ಹೋಗುವವನ ಶ್ರಮ ದಂಡ. ಮಂಡ್ಯಕ್ಕೆ ಬೆಲ್ಲ ಮಾರಲು ಹೊರಟಂತೆ ಎಂದು ನಾವು ಹೇಳಬಹುದು. ನುಡಿಗಟ್ಟಿನ ಹಿಂದಿನ ಊರು, ಕಸುಬು ತಿಳಿದರೆ ಅರ್ಥ ಮರೆಯುವುದಿಲ್ಲ.

ಮೂರನೆಯದೇ ಅಪಾಯದ ಗುಂಪು: ಚಿತ್ರ ಒಂದೇ, ಅರ್ಥ ಬೇರೆ. ‘ಕೈಕೊಡು’ ಈ ಗುಂಪಿಗೆ ಸೇರಿದ್ದು. ‘ಅಜ್ಜ ಕಣ್ಣು ಮುಚ್ಚಿದರು’ ಎಂದರೆ ನಮ್ಮಲ್ಲಿ ತೀರಿಕೊಂಡರು ಎಂದು. ‘ಹಿ ಶಟ್ ಹಿಸ್ ಐಸ್ ಟು ದಿ ಪ್ರಾಬ್ಲಂ’ ಎಂದರೆ ಕಂಡೂ ಕಾಣದಂತಿದ್ದ ಎಂದು. ಇಂಥವನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ.

ಎಲ್ಲಿ, ಯಾರ ಮುಂದೆ?

ಅರ್ಥ ತಿಳಿದ ಮಾತ್ರಕ್ಕೆ ನುಡಿಗಟ್ಟು ನಮ್ಮದಾಗುವುದಿಲ್ಲ. ‘ಕಿಕ್ ದಿ ಬಕೆಟ್’ ಎಂದರೆ ಸಾಯುವುದು ಎಂದು ನಿಘಂಟಿನಲ್ಲಿದೆ. ಹಾಗೆಂದು ಗೆಳೆಯನ ತಾತ ತೀರಿಕೊಂಡಾಗ ಬರೆಯುವ ಸಂತಾಪದ ಪತ್ರದಲ್ಲಿ ಅದನ್ನು ಬಳಸಿದರೆ, ಕನ್ನಡದಲ್ಲಿ ‘ತಾತ ಗೊಟಕ್ ಎಂದರಂತೆ’ ಎಂದು ಬರೆದಂತಾಗುತ್ತದೆ! ನುಡಿಗಟ್ಟಿನ ಪದಗಳನ್ನು ಬದಲಾಯಿಸುವಂತೆಯೂ ಇಲ್ಲ. ‘ಬಕೆಟ್’ ಇದ್ದಲ್ಲಿ ‘ಪಾಟ್’ ಎಂದಿಟ್ಟರೆ ಕೊಡ ಒದ್ದಂತಾಗುತ್ತದೆಯೇ ಹೊರತು ಯಾರೂ ಸಾಯುವುದಿಲ್ಲ. ಇನ್ನು ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ನಮ್ಮ ಪ್ರಬಂಧಗಳಲ್ಲಿ ತಪ್ಪದೆ ಬರುತ್ತದೆ. ಇದು ಈಗ ಹಳೆಯ ಕಾಲದ ಮಾತಿನಂತೆ ಕೇಳಿಸುತ್ತದೆ. ‘ಇಟ್ ಈಸ್ ಪೋರಿಂಗ್’ ಎಂಬುದೇ ಸಹಜ. ನಾವೂ ಮನೆಯಲ್ಲಿ ‘ಕುಂಭದ್ರೋಣ ಮಳೆ’ ಎನ್ನದೆ ‘ಧೋ ಎಂದು ಸುರಿಯುತ್ತಿದೆ’ ಎನ್ನುವುದಿಲ್ಲವೇ?

‘ಪುಟ್ ಆನ್’, ‘ಪುಟ್ ಆಫ್’, ‘ಪುಟ್ ಔಟ್’, ‘ಪುಟ್ ಅಪ್ ವಿತ್’ ಇವುಗಳನ್ನು ಕಂಡರೆ ಅನೇಕರಿಗೆ ಭಯ. ಒಂದೇ ‘ಪುಟ್’ ಉಡುವುದೂ ಆಗುತ್ತದೆ, ಮುಂದೂಡುವುದೂ ಆಗುತ್ತದೆ, ಆರಿಸುವುದೂ ಆಗುತ್ತದೆ, ಸಹಿಸಿಕೊಳ್ಳುವುದೂ ಆಗುತ್ತದೆ. ಆದರೆ ‘ಹೇಳು’, ‘ಹೇಳಿಕೊಡು’, ‘ಹೇಳಿಕೊ’ ಎಂಬ ಮೂರನ್ನು ನೋಡಿ. ಹೇಳಿಕೊಡುವುದು ಪಾಠ, ಹೇಳಿಕೊಳ್ಳುವುದು ಕಷ್ಟ ಸುಖ. ಬಾಲ ಬದಲಾದರೆ ಅರ್ಥ ಬದಲಾಗುವುದು ನಮಗೇನೂ ಹೊಸದಲ್ಲ. ಕನ್ನಡ ಕಲಿಯಲು ಬಂದ ಪರದೇಶದವರಿಗೆ ಇದೇ ಭಯ ಹುಟ್ಟಿಸುತ್ತದೆ.

ಕಲಿಯುವವರ ನಿಘಂಟು

ಹಾಗೆ ಬಂದವರಲ್ಲಿ ಒಬ್ಬರು ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್. 1853ರಲ್ಲಿ ಭಾರತಕ್ಕೆ ಬಂದ ಅವರಿಗೆ ಕನ್ನಡವೂ ಪರಭಾಷೆ, ಇಂಗ್ಲಿಷೂ ಪರಭಾಷೆ. ಆದರೂ 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಮಂಗಳೂರಿನಿಂದ ಹೊರತಂದರು. ಬಿಡಿ ಪದದ ಅರ್ಥ ಕೊಟ್ಟು ಸುಮ್ಮನಾಗದೆ, ಜನ ಆಡುವ ಗಾದೆಗಳನ್ನೂ ಬಳಕೆಗಳನ್ನೂ ಅದರಲ್ಲಿ ಸೇರಿಸಿದರು. ಮಾತು ಬದುಕಿರುವುದು ಬಳಕೆಯಲ್ಲಿ ಎಂಬುದನ್ನು ಕಲಿತವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಇಂಗ್ಲಿಷಿಗೂ ಅಂಥದೇ ಕಥೆಯಿದೆ. ಜಪಾನಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿ, ಇಂಗ್ಲಿಷರಿಗಾಗಿ ಮಾಡಿದ ನಿಘಂಟು ಪರಭಾಷೆಯ ವಿದ್ಯಾರ್ಥಿಗೆ ಸಾಲದು ಎಂದು ಕಂಡುಕೊಂಡರು. ಇಬ್ಬರು ಸಹೋದ್ಯೋಗಿಗಳೊಡನೆ ಅವರು ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾಯಿತು; 1948ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಅದನ್ನು ಮತ್ತೆ ಹೊರತಂದಿತು. ಯಾವ ಕ್ರಿಯಾಪದದ ಮುಂದೆ ಏನು ಬರಬೇಕು, ಯಾವ ನುಡಿಗಟ್ಟು ಎಲ್ಲಿ ಸಲ್ಲುತ್ತದೆ ಎಂಬುದನ್ನೆಲ್ಲ ಉದಾಹರಣೆ ಸಹಿತ ತಿಳಿಸುವ ಕಲಿಕೆಯ ನಿಘಂಟುಗಳು ಇಂದು ಗ್ರಂಥಾಲಯದಲ್ಲೂ ಮೊಬೈಲಿನಲ್ಲೂ ಸಿಗುತ್ತವೆ. ಅರ್ಥವನ್ನಷ್ಟೇ ನೋಡಿ ಮುಚ್ಚಬೇಡಿ. ಕೆಳಗಿನ ಉದಾಹರಣೆ ವಾಕ್ಯವನ್ನು ತಪ್ಪದೆ ಓದಿ.

ಜೊತೆಗೆ ನಿಮ್ಮದೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪುಟಕ್ಕೆ ಮೂರು ಸಾಲು ಗೆರೆ ಎಳೆಯಿರಿ. ಮೊದಲನೆಯದರಲ್ಲಿ ಇಂಗ್ಲಿಷ್ ನುಡಿ, ಎರಡನೆಯದರಲ್ಲಿ ಅದೇ ಸಂದರ್ಭದಲ್ಲಿ ಕನ್ನಡದವರು ಆಡುವ ನುಡಿ, ಮೂರನೆಯದರಲ್ಲಿ ನೀವೇ ಕಟ್ಟಿದ ಒಂದು ವಾಕ್ಯ. ದಿನಕ್ಕೆ ಎರಡಾದರೆ ಸಾಕು.

ಅಭ್ಯಾಸ

ಇವುಗಳನ್ನು ಇಂಗ್ಲಿಷಿಗೆ ತನ್ನಿ. ಉತ್ತರ ನೋಡುವ ಮೊದಲು ಬರೆದುಬಿಡಿ.

1. ನನಗೆ ಇಬ್ಬರು ಅಣ್ಣಂದಿರಿದ್ದಾರೆ.
2. ನಾವು ಸೋಮವಾರದಿಂದ ಕಾಯುತ್ತಿದ್ದೇವೆ.
3. ನಮ್ಮ ತಾಯಿಯವರು ಮೈಸೂರಿಗೆ ಹೋಗಿದ್ದಾರೆ.
4. ಅವನು ಕೊನೆ ಗಳಿಗೆಯಲ್ಲಿ ನನಗೆ ಕೈಕೊಟ್ಟ.
5. ‘ನೀನು ಪುಸ್ತಕ ತಂದಿಲ್ಲ, ಅಲ್ಲವೇ?’ ‘ಹೌದು, ತಂದಿಲ್ಲ.’

ಉತ್ತರಗಳು: 1. ಐ ಹ್ಯಾವ್ ಟೂ ಎಲ್ಡರ್ ಬ್ರದರ್ಸ್. 2. ವಿ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಮಂಡೇ. 3. ಮೈ ಮದರ್ ಹ್ಯಾಸ್ ಗಾನ್ ಟು ಮೈಸೂರು. 4. ಹಿ ಲೆಟ್ ಮಿ ಡೌನ್ ಅಟ್ ದಿ ಲಾಸ್ಟ್ ಮೊಮೆಂಟ್. 5. ‘ಯು ಹ್ಯಾವಂಟ್ ಬ್ರಾಟ್ ದಿ ಬುಕ್, ಹ್ಯಾವ್ ಯು?’ ‘ನೋ, ಐ ಹ್ಯಾವಂಟ್.’

ಐದನೆಯದನ್ನು ತಪ್ಪು ಮಾಡಿದವರು ನಾಚಿಕೊಳ್ಳಬೇಕಾಗಿಲ್ಲ. ನಾನು ಅದೇ ತಪ್ಪಿಗೆ ಒಂದು ವರ್ಷದ ವಿದ್ಯಾರ್ಥಿವೇತನ ತೆತ್ತವನು. ಆ ದಿನದ ನಂತರ ಬಹಳ ಕಾಲ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ. ತಪ್ಪು ಮಾತನಾಡಿದ್ದಕ್ಕಿಂತ ಆ ಮೌನದಿಂದಲೇ ನನಗೆ ಹೆಚ್ಚು ನಷ್ಟವಾಯಿತು ಎಂದು ಈಗ ಅನ್ನಿಸುತ್ತದೆ. ನೀವು ಹಾಗೆ ಮಾಡಬೇಡಿ. ಮಾತನಾಡಿ, ತಪ್ಪಿದರೆ, ಕನ್ನಡ ಎಲ್ಲಿ ಇಣುಕಿತು ಎಂದು ಹುಡುಕಿ. ಸಿಕ್ಕಿದ ತಪ್ಪು ಎರಡನೆಯ ಸಲ ಅಷ್ಟು ಸುಲಭವಾಗಿ ನಿಮಗೆ ಕೈಕೊಡುವುದಿಲ್ಲ.